ಗೋಳಗುಮ್ಮಟ ತೋರಿಸಲು ಹೊರಟ ಮಗಳಿಗೊಂದು ಪತ್ರ

ವಿಜಯಪುರ

ಚಿ. ಸೌ. ಸುಮಾಳಿಗೆ ಅವ್ವನ ಆಶೀರ್ವಾದಗಳು.

ನಿಮ್ಮ ಶಾಲೆಯ ಏಳನೇ ತರಗತಿಯ ನಲವತ್ತು ಮಕ್ಕಳನ್ನು ಡಿಸೆಂಬರಿನಲ್ಲಿ ಇಲ್ಲಿಗೆ ಕರೆದುಕೊಂಡು ಬರುತ್ತೀ ಎಂದು ತಿಳಿಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀ, ಅದಕ್ಕೆ ಬರೆದು ಕಳಿಸುತ್ತಿದ್ದೇನೆ. ನಿನ್ನ ಜೊತೆ ಬರುವ ಮೇಷ್ಟ್ರುಗಳಿಗೂ ಒಂದೊಂದು ಪ್ರತಿ ಕೊಡು.

ಗೋಳಗುಮ್ಮಟಕ್ಕೆ ಬರುವ ಶಾಲಾ ಪ್ರವಾಸಗಳು ಹೆಚ್ಚಾಗಿ ಒಂದೇ ರೀತಿ ಮುಗಿಯುತ್ತವೆ. ಮಧ್ಯಾಹ್ನ ಹನ್ನೊಂದಕ್ಕೆ ಬಸ್ಸು ನಿಲ್ಲುತ್ತದೆ, ಮಕ್ಕಳು ಓಡಿ ಮೇಲೆ ಹತ್ತುತ್ತಾರೆ, ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಕಿವಿ ಮುಚ್ಚಿಕೊಂಡು ಇಳಿಯುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ ‘ಏಳು ಸಲ ಕೇಳಿಸುತ್ತದೆ’ ಎನ್ನುತ್ತಾರೆ. ಅದೂ ಅವರು ಕೇಳಿದ್ದಲ್ಲ, ಪುಸ್ತಕದಲ್ಲಿ ಓದಿದ್ದು. ಆ ಗದ್ದಲದಲ್ಲಿ ಏಳನ್ನು ಎಣಿಸಲು ಯಾರಿಂದಲೂ ಆಗುವುದಿಲ್ಲ. ಪ್ರತಿಧ್ವನಿ ಆ ಕಟ್ಟಡದ ಉದ್ದೇಶವೇ ಅಲ್ಲ. ಚೌಕದ ಕೋಣೆಯೊಂದರ ಮೇಲೆ ದುಂಡನೆಯ ಗುಮ್ಮಟ ಕೂರಿಸಲು ಹೋದಾಗ ತಾನಾಗಿ ಹುಟ್ಟಿದ್ದು ಅದು. ಹಾಗಾಗಿ ಮೊದಲು ಕೂರಿಸಿದ ಬಗೆಯನ್ನು ತೋರಿಸು, ಆಮೇಲೆ ಸದ್ದು ಕೇಳಿಸು. ಈ ಅನುಕ್ರಮ ತಪ್ಪಿಸಬೇಡ.

ಬರುವ ಮೊದಲು ಶಾಲೆಯಲ್ಲೇ ಮಾಡಬೇಕಾದ ಕೆಲಸವೊಂದಿದೆ. ಒಬ್ಬೊಬ್ಬರಿಗೂ ಒಂದು ಎ4 ಹಾಳೆ, ಸ್ಕೇಲು, ಕೈವಾರ ಕೊಡು. 1 ಮೀಟರಿಗೆ 4 ಮಿಲಿಮೀಟರಿನಂತೆ ಲೆಕ್ಕ ಹಿಡಿಯಲಿ. ಗೋಳಗುಮ್ಮಟದ ಒಳಕೋಣೆ ಚೌಕ, ಒಂದೊಂದು ಬದಿಯೂ 41.15 ಮೀಟರ್ (ಹಳೆಯ ಅಳತೆಯಲ್ಲಿ 135 ಅಡಿ). ಆದ್ದರಿಂದ ಹಾಳೆಯ ಮೇಲೆ ಸುಮಾರು 16.5 ಸೆಂ.ಮೀ. ಬದಿಯ ಚೌಕ ಬರೆಯಬೇಕು. ಈಗ ಪ್ರತಿ ಬದಿಯಲ್ಲೂ ಎರಡು ಗುರುತು ಹಾಕಬೇಕು, ಆ ತುದಿಯಿಂದ 4.8 ಸೆಂ.ಮೀ., ಈ ತುದಿಯಿಂದ 4.8 ಸೆಂ.ಮೀ. ನಾಲ್ಕು ಬದಿಗೆ ಎಂಟು ಗುರುತು ಆದವು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಚೌಕವನ್ನು ಸುತ್ತುತ್ತಾ, ಪ್ರತಿ ಬದಿಯಲ್ಲಿ ಮೊದಲು ಸಿಗುವ ಗುರುತನ್ನು ಮುಂದಿನ ಬದಿಯ ಮೊದಲ ಗುರುತಿಗೆ ಸೇರಿಸಲಿ. ಓರೆಯಾಗಿ ತಿರುಗಿದ ಒಂದು ಚೌಕ ಬರುತ್ತದೆ. ಎರಡನೇ ಗುರುತುಗಳನ್ನೂ ಹಾಗೆಯೇ ಸೇರಿಸಿದರೆ ಇನ್ನೊಂದು ಚೌಕ, ಆ ಕಡೆಗೆ ಓರೆಯಾಗಿ. ಎರಡೂ ಒಂದರ ಮೇಲೊಂದು ಬಿದ್ದು ಎಂಟು ಮೂಲೆಯ ನಕ್ಷತ್ರವಾಗುತ್ತದೆ, ನಡುವೆ ಎಂಟು ಬದಿಯ ಬಯಲು ಉಳಿಯುತ್ತದೆ.

ಇಲ್ಲಿ ಮಕ್ಕಳು ತಪ್ಪುವುದು ಒಂದೇ ಕಡೆ, ಮೊದಲನೇ ಗುರುತನ್ನು ಮುಂದಿನ ಬದಿಯ ಎರಡನೇ ಗುರುತಿಗೆ ಸೇರಿಸಿಬಿಡುತ್ತಾರೆ. ಆಗ ಚೌಕದ ಬದಲು ಸೊಟ್ಟ ಆಕೃತಿ ಬರುತ್ತದೆ. ಗುರುತು ಹಾಕುವಾಗಲೇ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಪೆನ್ಸಿಲ್ ಬಳಸಿದರೆ ಈ ತೊಂದರೆ ಇಲ್ಲ.

ಆ ನಕ್ಷತ್ರದ ಎಂಟು ಗೆರೆಗಳೇ ಗೋಳಗುಮ್ಮಟದ ಎಂಟು ದೊಡ್ಡ ಕಮಾನುಗಳು. ಗೋಡೆಯಲ್ಲಿ ಕಮಾನಿನ ಕಾಲು ಎಲ್ಲಿ ಊರಿದೆಯೋ ಅಲ್ಲಿಯೇ ನೀವು ಗುರುತು ಹಾಕಿದ್ದು. ಈಗ ಕೈವಾರವನ್ನು ನಕ್ಷತ್ರದ ನಟ್ಟನಡುವೆ ಊರಿ 7.6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಲಿ. ಗುಮ್ಮಟದ ಒಳವ್ಯಾಸ 37.9 ಮೀಟರ್, ಆ ವೃತ್ತ ಅದೇ. ನಡುವಿನ ಎಂಟು ಬದಿಯ ಬಯಲಿನ ಅಂಚಿನಿಂದ ವೃತ್ತದವರೆಗೆ ಎಷ್ಟಿದೆ ಎಂದು ಅಳೆಯಲು ಹೇಳು. ಸುಮಾರು 1.3 ಸೆಂ.ಮೀ. ಬರುತ್ತದೆ, ಅಂದರೆ 3.25 ಮೀಟರ್. ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಇರುವ ಪಿಸುಮಾತಿನ ಗ್ಯಾಲರಿಯ ಅಗಲವೂ ಅಷ್ಟೇ! ಗ್ಯಾಲರಿಯನ್ನು ಯಾರೂ ಸದ್ದಿನ ಆಟಕ್ಕೆಂದು ಬೇರೆಯಾಗಿ ಅಂಟಿಸಿಲ್ಲ. ಕಮಾನುಗಳು ಒಳಕ್ಕೆ ಚಾಚಿದವು, ಗುಮ್ಮಟ ಅಂಚಿನಿಂದ ಹಿಂದೆ ಸರಿದು ಕೂತಿತು, ನಡುವೆ ಉಳಿದ ಜಾಗವೇ ಗ್ಯಾಲರಿ. ಹಾಳೆಯ ಮೇಲೆ ಇದನ್ನು ತಾವೇ ಕಂಡುಕೊಂಡ ಮಗು ಇಲ್ಲಿಗೆ ಬಂದು ತಲೆ ಎತ್ತಿ ನೋಡುವ ರೀತಿಯೇ ಬೇರೆ. ಹಾಳೆಗಳನ್ನು ಜೊತೆಗೆ ತರಲು ಹೇಳು.

ಇನ್ನು ಇಲ್ಲಿಗೆ ಬರುವ ವಿಚಾರ. ಬೆಂಗಳೂರಿನಿಂದ ರೈಲಿನಲ್ಲಿ ಬಂದರೆ ನಿಲ್ದಾಣದಿಂದ ಗೋಳಗುಮ್ಮಟ ಹತ್ತಿರವೇ, ಊರಿನ ಪೂರ್ವದ ಅಂಚಿನಲ್ಲಿ ಎರಡೂ ಇವೆ. ಬಸ್ಸಿನಲ್ಲಾದರೆ ಹಿಂದಿನ ರಾತ್ರಿಯೇ ತಲುಪಿ ಮಲಗಿಕೊಳ್ಳಿ. ರಾತ್ರಿಯಿಡೀ ಕೂತು ಬಂದ ಮಕ್ಕಳನ್ನು ಇಳಿದ ತಕ್ಷಣ ಮೆಟ್ಟಿಲು ಹತ್ತಿಸಬೇಡ. ಮುಂಜಾನೆ ಆರಕ್ಕೆ ಗೇಟು ತೆರೆಯುತ್ತದೆ, ಆರಕ್ಕೇ ಅಲ್ಲಿರಬೇಕು. ಎಂಟು ಗಂಟೆಯಾಯಿತೆಂದರೆ ಬೇರೆ ಬಸ್ಸುಗಳು ಬರಲು ಶುರುವಾಗುತ್ತವೆ, ಡಿಸೆಂಬರ್ ಅಂದರೆ ರಾಜ್ಯದ ಅರ್ಧ ಶಾಲೆಗಳು ಇಲ್ಲೇ ಇರುತ್ತವೆ. ಶನಿವಾರ, ಭಾನುವಾರ ಬೇಡವೇ ಬೇಡ. ಶುಕ್ರವಾರವೂ ಬೇಡ, ಅಂದು ಗೋಳಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯಕ್ಕೆ ರಜೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ, ಆದರೂ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಹೆಸರು, ವಯಸ್ಸು ಬರೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿದ ಪಟ್ಟಿ ಕೈಯಲ್ಲಿರಲಿ. ಕಿಟಕಿಯ ಮುಂದೆ ನಿಂತು ಒಬ್ಬೊಬ್ಬರ ವಯಸ್ಸು ಹೇಳುತ್ತಾ ಕೂತರೆ ಇಷ್ಟು ಬೇಗ ಎದ್ದು ಬಂದದ್ದು ದಂಡ. ದೊಡ್ಡವರ ಟಿಕೆಟ್ಟನ್ನು ಮೊಬೈಲಿನಲ್ಲೇ ತೆಗೆದಿಟ್ಟುಕೋ.

ಒಳಗೆ ಕಾಲಿಡುವ ಮೊದಲು ಮಾಡಬೇಕಾದ ಪಾಠವನ್ನೆಲ್ಲ ಹೊರಗಿನ ಹುಲ್ಲುಹಾಸಿನ ಹತ್ತಿರವೇ ಮುಗಿಸು. ಇದನ್ನು ಒತ್ತಿ ಹೇಳುತ್ತೇನೆ. ಒಳಗೆ ನಿಂತು ವಿವರಿಸಲು ಹೋಗುವ ಮೇಷ್ಟ್ರು ಏನು ಹೇಳಿದರೂ ಮಕ್ಕಳಿಗೆ ತಿಳಿಯುವುದಿಲ್ಲ. ಕಾರಣ ಸರಳ. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಉಚ್ಚರಿಸುತ್ತೇವೆ, ಅಂದರೆ ಅಕ್ಷರಕ್ಕೆ ಸುಮಾರು 0.2 ಸೆಕೆಂಡು. ಆ ಗುಮ್ಮಟದಲ್ಲಿ ಸದ್ದು ಎದುರು ಗೋಡೆಗೆ ಹೋಗಿ ಮರಳಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ನೀನು ಆಡುವ ಎರಡನೇ ಅಕ್ಷರದ ಮೇಲೆ ಮೊದಲನೆಯದು, ಮೂರನೆಯದರ ಮೇಲೆ ಮೊದಲೆರಡೂ ಬಂದು ಬೀಳುತ್ತವೆ. ದನಿ ಏರಿಸಿದಷ್ಟೂ ಗೊಂದಲ ಏರುತ್ತದೆ. ಒಳಗೆ ಕೈಸನ್ನೆ ಸಾಕು. ಕೈ ಎತ್ತಿದರೆ ಸುಮ್ಮನಿರಿ, ಬೆರಳು ತೋರಿಸಿದರೆ ಅತ್ತ ನೋಡಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹೊರಗೆ ನಿಂತು ಹೇಳಬೇಕಾದ್ದು ಇಷ್ಟು. ಇದು ಮೊಹಮ್ಮದ್ ಆದಿಲ್ ಶಾಹನ ಗೋರಿ. ಆದಿಲ್ ಶಾಹಿ ಸುಲ್ತಾನರಲ್ಲಿ ಏಳನೆಯವನು, 1627ರಿಂದ 1656ರವರೆಗೆ ಆಳಿದ. ಬದುಕಿದ್ದಾಗಲೇ ಕಟ್ಟಿಸಲು ಶುರುಮಾಡಿದ, ಸತ್ತಾಗ ಕೆಲಸ ಪೂರ್ತಿಯಾಗಿರಲಿಲ್ಲ. ಉತ್ತರದ ಬದಿಗೆ ಸುತ್ತಿ ಹೋದರೆ ಅರ್ಧ ಎಂಟುಮೂಲೆಯಂತೆ ಹೊರಕ್ಕೆ ಚಾಚಿದ ಒಂದು ಕೋಣೆ ಕಾಣುತ್ತದೆ, ಕಟ್ಟಡಕ್ಕೆ ಆಮೇಲೆ ಸೇರಿಸಿ ಬಳಸದೆ ಬಿಟ್ಟದ್ದು. ಹೊರಗಿನ ಅಳತೆ ಬದಿಗೆ 47.5 ಮೀಟರ್. ಒಳಗಿನದು 41.15. ಹಾಗಾದರೆ ಗೋಡೆ ಎಷ್ಟು ದಪ್ಪ? ಕಳೆದು ಎರಡರಿಂದ ಭಾಗಿಸಲಿ, ಮೂರು ಮೀಟರಿಗೂ ತುಸು ಹೆಚ್ಚು. ಗುಮ್ಮಟದ ಹೊರವ್ಯಾಸ 44 ಮೀಟರ್, ಒಳವ್ಯಾಸ 37.9. ಅದರ ದಪ್ಪವನ್ನೂ ಅವರೇ ತೆಗೆಯಲಿ. ಗೋಡೆ ನಮ್ಮ ಸೀಮೆಯ ಕರಿಕಲ್ಲು, ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಇಟ್ಟಿಗೆಗಳನ್ನು ಮಲಗಿಸಿ ಸಾಲು ಸಾಲಾಗಿ ಇಟ್ಟು, ನಡುವೆ ದಪ್ಪಗೆ ಗಾರೆ ತುಂಬಿದ್ದಾರೆ. ಗಾರೆ ಗಟ್ಟಿಯಾದ ಮೇಲೆ ಅದು ಬಿಡಿ ಇಟ್ಟಿಗೆಗಳ ರಾಶಿಯಾಗಿ ಉಳಿಯಲಿಲ್ಲ, ಮಗುಚಿ ಹಾಕಿದ ಒಂದೇ ದೊಡ್ಡ ಬೋಗುಣಿಯಾಯಿತು.

ಮೂಲೆಗಳಲ್ಲಿ ನಾಲ್ಕು ಎಂಟುಮೂಲೆಯ ಬುರುಜುಗಳಿವೆ. ಕಮಾನಿನ ಕಿಟಕಿಗಳ ಸಾಲನ್ನು ಕೆಳಗಿನಿಂದ ಎಣಿಸಲು ಹೇಳು, ಏಳು ಅಂತಸ್ತು. ಮೆಟ್ಟಿಲಿರುವುದು ಅವುಗಳ ಒಳಗೇ. ಮೇಲೆ ಗೋಡೆಯಿಂದ ಹೊರಚಾಚಿದ ದೊಡ್ಡ ಛಜ್ಜಾ ಇದೆ, ಅದರ ಕೆಳಗೆ ಒತ್ತೊತ್ತಾಗಿ ಕಲ್ಲಿನ ಆಸರೆಗಳಿವೆ. ಗುಮ್ಮಟದ ಬುಡದಲ್ಲಿ ಸುತ್ತಲೂ ಹೂವಿನ ಎಸಳುಗಳಿವೆ. ದೂರದಿಂದ ಅವು ಬರಿಯ ಅಲಂಕಾರದಂತೆ ಕಾಣುತ್ತವೆ, ಹತ್ತಿದ ಮೇಲೆ ಹತ್ತಿರದಿಂದ ನೋಡಿದಾಗ ಅವುಗಳ ಗಾತ್ರ ತಿಳಿಯುತ್ತದೆ.

ಒಂದು ಮಾತು ಸುಮಾ, ‘ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ’ ಎಂದು ಯಾರಾದರೂ ಹೇಳಿದರೆ ಮಕ್ಕಳ ಕೈಯಲ್ಲಿ ಬರೆಸಬೇಡ. ಅದು ಕಟ್ಟಿದ ಕಾಲಕ್ಕೂ ಸರಿಯಲ್ಲ. ರೋಮಿನ ಪ್ಯಾಂಥಿಯನ್ನಿನ ಗುಮ್ಮಟ 43.3 ಮೀಟರ್ ಅಗಲ, ಅದು ಎರಡನೇ ಶತಮಾನದ್ದು. ಫ್ಲಾರೆನ್ಸಿನ ಕೆಥೆಡ್ರಲ್ಲಿನದೂ ರೋಮಿನ ಸಂತ ಪೀಟರರ ಚರ್ಚಿನದೂ ನಮ್ಮದಕ್ಕಿಂತ ಅಗಲ, ಎರಡೂ ನಮ್ಮದಕ್ಕಿಂತ ಹಿಂದಿನವು. ಆದರೆ ನಮ್ಮ ಹೆಮ್ಮೆಗೆ ಬೇರೆ ಕಾರಣವಿದೆ, ಅದನ್ನು ಹೇಳು. ಒಂದು ಗುಮ್ಮಟದ ಅಡಿಯಲ್ಲಿರುವ ಒಂದೇ ಕೋಣೆಯ ನೆಲ ಎಷ್ಟು ಎಂದು ಲೆಕ್ಕ ಹಾಕಿದರೆ ಪ್ಯಾಂಥಿಯನ್ನಿನದು ಸುಮಾರು 1,470 ಚದರ ಮೀಟರ್, ಗೋಳಗುಮ್ಮಟದ್ದು ಸುಮಾರು 1,693. ಚಿಕ್ಕ ಗುಮ್ಮಟದಡಿ ದೊಡ್ಡ ಕೋಣೆ ಹೇಗೆ ಬಂತು? ಪ್ಯಾಂಥಿಯನ್ನಿನಲ್ಲಿ ದುಂಡನೆಯ ಗೋಡೆಯ ಮೇಲೆ ದುಂಡನೆಯ ಗುಮ್ಮಟ ನೇರವಾಗಿ ಕೂತಿದೆ, ಗುಮ್ಮಟ ಎಷ್ಟೋ ಕೋಣೆ ಅಷ್ಟೇ. ಇಲ್ಲಿ ಕಮಾನುಗಳು ಒಳಕ್ಕೆ ಚಾಚಿ ಗುಮ್ಮಟವನ್ನು ಹೊತ್ತಿರುವುದರಿಂದ ಕೋಣೆ ಗುಮ್ಮಟಕ್ಕಿಂತ ಅಗಲವಾಗಿ ಹರಡಿದೆ. ಮಕ್ಕಳ ಹಾಳೆಯಲ್ಲಿ ವೃತ್ತ ಹೊರಗಿನ ಚೌಕವನ್ನು ಎಲ್ಲೂ ಮುಟ್ಟಿಲ್ಲ ಎಂಬುದನ್ನು ತೋರಿಸಿದರೆ ಸಾಕು, ತಿಳಿಯುತ್ತದೆ.

ದಕ್ಷಿಣದ ಬಾಗಿಲಿನಲ್ಲಿ ಒಂದು ನಿಮಿಷ ನಿಲ್ಲಿ. ಬಾಗಿಲ ಮೇಲೆ ಫಾರಸಿಯಲ್ಲಿ ಕೆತ್ತಿದ ಮೂರು ಬರಹಗಳಿವೆ. ಅಕ್ಷರಕ್ಕೊಂದು ಬೆಲೆಯಂತೆ ಕೂಡಿದರೆ ಮೂರರಲ್ಲೂ ಹಿಜರಿ 1067 ಬರುತ್ತದೆ, ಅದು ಸುಲ್ತಾನ ಸತ್ತ ವರ್ಷ. ನಮ್ಮಲ್ಲಿ ಕಟಪಯಾದಿ ಇದ್ದಂತೆ ಅವರಲ್ಲಿ ಅಬ್ಜದ್ ಲೆಕ್ಕ. ಗಣಿತದಲ್ಲಿ ಚುರುಕಾದ ಮಕ್ಕಳಿಗೆ ಇದು ಹಿಡಿಸುತ್ತದೆ, ಉಳಿದವರು ಆ ಹೊತ್ತಿಗೆ ಒಳಗೆ ಇಣುಕುತ್ತಿರುತ್ತಾರೆ, ಇರಲಿ ಬಿಡು.

ಒಳಗೆ ನಡುವೆ ಎತ್ತರದ ಕಟ್ಟೆ, ಅದಕ್ಕೆ ಮೆಟ್ಟಿಲು, ಮೇಲೆ ಮರದ ಮಂಟಪದಡಿ ಗೋರಿಗಳು. ಸುಲ್ತಾನ, ಅವನ ಇಬ್ಬರು ಬೇಗಮರು, ರಂಭಾ ಎಂಬ ನರ್ತಕಿ, ಮಗಳು, ಮೊಮ್ಮಗ. ಕಾಣುವ ಇವು ಗುರುತಿಗೆ ಇಟ್ಟವು, ನಿಜವಾದ ಸಮಾಧಿಗಳು ನೇರ ಕೆಳಗೆ ನೆಲಮಾಳಿಗೆಯಲ್ಲಿವೆ. ರಂಭಾ ಗ್ಯಾಲರಿಯಿಂದ ಹಾರಿದಳು ಎಂಬ ಕಥೆಯನ್ನು ಯಾರಾದರೂ ಹೇಳೇ ಹೇಳುತ್ತಾರೆ. ಕೇಳಲಿ, ಆದರೆ ಅದು ಊರ ಬಾಯಲ್ಲಿ ಬೆಳೆದ ಕಥೆ ಎಂದು ಸ್ಪಷ್ಟವಾಗಿ ಹೇಳಿಬಿಡು. ಮಕ್ಕಳು ಇತಿಹಾಸದ ಉತ್ತರಪತ್ರಿಕೆಯಲ್ಲಿ ಅದನ್ನೇ ಬರೆಯುತ್ತಾರೆ. ಗೋರಿ ಇರುವ ಜಾಗ, ಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು, ಓಡಾಡುವುದು ಬೇಡ.

ಈಗ ಹಾಳೆ ತೆಗೆಯಲಿ. ಒಂದು ಗೋಡೆಗೆ ಮುಖ ಮಾಡಿ ನಿಂತರೆ ಎರಡು ಕಮಾನಿನ ಕಾಲುಗಳು ಕಾಣುತ್ತವೆ. ಒಂದು ಕಮಾನಿನ ಮೇಲೆ ಕಣ್ಣಿಟ್ಟು ಅದು ಎಲ್ಲಿಗೆ ಹೋಗಿ ಇಳಿಯುತ್ತದೆ ಎಂದು ಬೆರಳಲ್ಲಿ ಹಿಂಬಾಲಿಸಲಿ. ಪಕ್ಕದ ಗೋಡೆಗೆ ಇಳಿಯುತ್ತದೆ, ದಾರಿಯಲ್ಲಿ ಬೇರೆ ಕಮಾನುಗಳನ್ನು ಹಾಯುತ್ತದೆ. ಎಂಟನ್ನೂ ಹಿಂಬಾಲಿಸಿದರೆ ನಕ್ಷತ್ರ ಮುಗಿಯುತ್ತದೆ. ನೆಲದ ಮೇಲೆ ಮಲಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು, ಆರೂವರೆ ಗಂಟೆಗೆ ಬಂದರೆ ಮಾತ್ರ ಅದಕ್ಕೆ ಜಾಗ, ಅದೂ ಕಾವಲುಗಾರರನ್ನು ಕೇಳಿಕೊಂಡು. ಕಮಾನುಗಳ ನಡುವೆ ಒಳಕ್ಕೆ ಬಾಗಿ ಬಂದಿರುವ ಆ ಗೋಡೆಯ ಭಾಗಗಳೇ ಇಡೀ ಕಟ್ಟಡದ ಗುಟ್ಟು. ಗುಮ್ಮಟ ತನ್ನ ಭಾರದಿಂದ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ, ಎಲ್ಲ ಗುಮ್ಮಟಗಳೂ ಹಾಗೆಯೇ. ತಡೆಯಲು ಏನೂ ಇಲ್ಲದಿದ್ದರೆ ಗೋಡೆ ಹೊರಕ್ಕೆ ವಾಲಿ ಗುಮ್ಮಟ ಬಿರಿಯುತ್ತದೆ. ಸಾಮಾನ್ಯವಾಗಿ ಹೊರಗಿನಿಂದ ಆನಿಕೆ ಕೊಟ್ಟು ತಡೆಯುತ್ತಾರೆ. ಇಲ್ಲಿ ಒಳಕ್ಕೆ ಚಾಚಿ ತೂಗುತ್ತಿರುವ ಕಲ್ಲಿನ ಭಾರ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಹೊರಕ್ಕೆ ತಳ್ಳುವುದೂ ಒಳಕ್ಕೆ ಎಳೆಯುವುದೂ ಒಂದನ್ನೊಂದು ಸರಿತೂಗುತ್ತವೆ. ಅದಕ್ಕೇ ಅಷ್ಟಗಲದ ಕೋಣೆಯ ನಡುವೆ ಒಂದೂ ಕಂಬವಿಲ್ಲ.

ಇಷ್ಟಾದ ಮೇಲೆ ಹತ್ತಿರಿ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರಂತೆ ನಾಲ್ಕು ಗುಂಪು ಮಾಡಿಕೋ, ಐದನೆಯವರೊಬ್ಬರು ಕೆಳಗೇ ಉಳಿಯಲಿ. ಎತ್ತರಕ್ಕೆ ಹೆದರುವ, ಉಬ್ಬಸವಿರುವ ಮಕ್ಕಳು ಅವರ ಜೊತೆ ಇರಲಿ, ಅವರನ್ನು ನಗೆಗೀಡು ಮಾಡಬಾರದು. ಮೆಟ್ಟಿಲು ಇಕ್ಕಟ್ಟು, ಕಡಿದು, ಅಲ್ಲಲ್ಲಿ ಕತ್ತಲು. ಕಲ್ಲು ನೂರಾರು ವರ್ಷಗಳ ಕಾಲ್ತುಳಿತಕ್ಕೆ ಸವೆದು ನುಣುಪಾಗಿದೆ. ಲಿಫ್ಟ್ ಇಲ್ಲ. ಒಬ್ಬರ ಹಿಂದೆ ಒಬ್ಬರು, ಒಂದು ಕೈ ಗೋಡೆಗೆ, ಬ್ಯಾಗು ಬೆನ್ನಿಗೆ, ಮೊಬೈಲು ಜೇಬಿನಲ್ಲಿ. ಅಂತಸ್ತು ಅಂತಸ್ತಿಗೂ ಕಿಟಕಿಯ ಹತ್ತಿರ ಸ್ವಲ್ಪ ಜಾಗವಿದೆ, ದಮ್ಮು ಹತ್ತಿದವರು ಅಲ್ಲಿ ಬದಿಗೆ ಸರಿದು ನಿಲ್ಲಬೇಕು, ಮೆಟ್ಟಿಲ ಮೇಲೆ ಅಲ್ಲ. ತೊಂದರೆಯಾಗುವುದು ಹೆಚ್ಚಾಗಿ ಇಳಿಯುವಾಗ. ಮೇಲೆ ಹತ್ತುವವರೂ ಕೆಳಗೆ ಇಳಿಯುವವರೂ ನಡುದಾರಿಯಲ್ಲಿ ಎದುರಾಗುತ್ತಾರೆ, ಇಬ್ಬರೂ ಬಿಡುವುದಿಲ್ಲ, ಹಿಂದಿನವರು ನೂಕುತ್ತಾರೆ. ಎದುರು ಮಂದಿ ಬರುವ ಸದ್ದು ಕೇಳಿದರೆ ಮುಂದಿನ ಕಿಟಕಿಯ ಜಾಗದಲ್ಲೇ ನಿಂತುಬಿಡಿ. ಹತ್ತುವ ಮೊದಲು ಎಲ್ಲರೂ ಶೌಚಾಲಯಕ್ಕೆ ಹೋಗಿ ಬಂದಿರಲಿ, ಮೇಲೆ ಆ ವ್ಯವಸ್ಥೆ ಇಲ್ಲ. ತಿಂಡಿ ಪೊಟ್ಟಣಗಳನ್ನು ಕೆಳಗೇ ಬಿಡಿ, ನೀರಿನ ಬಾಟಲಿ ಸಾಕು.

ಮೇಲೆ ತಾರಸಿಗೆ ಬಂದಮೇಲೆ ನೇರ ಒಳಗೆ ನುಗ್ಗಬೇಡಿ. ಉಸಿರು ಹದಕ್ಕೆ ಬರಲಿ. ಏದುಸಿರಿನ ಮಕ್ಕಳು ನಲವತ್ತು ಜನ ಒಳಗೆ ಹೋದರೆ ಆ ಉಸಿರೇ ಪ್ರತಿಧ್ವನಿಸುತ್ತದೆ. ತಾರಸಿಯಿಂದ ಊರು ತೋರಿಸು. ಪಶ್ಚಿಮದ ಕಡೆ ದೂರದಲ್ಲಿ ಇಬ್ರಾಹಿಂ ರೋಜಾದ ಮಿನಾರುಗಳು, ಅದಕ್ಕೂ ಈಚೆ ಉಪ್ಪಲಿ ಬುರುಜು, ಬಾರಾ ಕಮಾನಿನ ಬೋಳು ಕಮಾನುಗಳು, ನೈಋತ್ಯದ ಕಡೆ ಜಾಮಿಯಾ ಮಸೀದಿಯ ಗುಮ್ಮಟ. ಮಧ್ಯಾಹ್ನದ ಹೊತ್ತಿಗೆ ಈ ಕಲ್ಲು ಕಾದು ಅಂಗಾಲು ಸುಡುತ್ತದೆ, ಮುಂಜಾನೆ ಬನ್ನಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಗುಮ್ಮಟದ ಬುಡದಲ್ಲಿ ಎಂಟು ಬಾಗಿಲುಗಳಿವೆ, ಒಳಗೆ ಗ್ಯಾಲರಿ. ನೆಲದಿಂದ ಅದರ ಎತ್ತರ 33 ಮೀಟರಿಗೂ ಮೇಲೆ, ಹತ್ತು ಮಹಡಿಯ ಮನೆಯಷ್ಟು. ಅಂಚಿನ ತಡೆಗೆ ಒರಗುವುದು, ಅದರ ಮೇಲೆ ಬಾಗಿ ಕೆಳಗೆ ಕೂಗುವುದು ಖಂಡಿತ ಬೇಡ. ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಕೂರಲಿ. ಕೂತ ಮಕ್ಕಳು ನಿಂತ ಮಕ್ಕಳಿಗಿಂತ ಸುಮ್ಮನಿರುತ್ತಾರೆ, ಮೇಷ್ಟ್ರಾದ ನಿನಗೆ ಇದನ್ನು ಹೇಳಬೇಕಾಗಿಲ್ಲ.

ಮೊದಲು ಪಿಸುಮಾತು. ಇದನ್ನು ಕೂಗಾಟಕ್ಕಿಂತ ಮೊದಲೇ ಮಾಡಬೇಕು, ಒಮ್ಮೆ ಕೂಗಲು ಬಿಟ್ಟರೆ ಆಮೇಲೆ ಮೌನ ಸಿಗುವುದಿಲ್ಲ. ಒಬ್ಬಳನ್ನು ಇಲ್ಲಿ, ಒಬ್ಬನನ್ನು ನೇರ ಎದುರಿಗೆ ಕಳಿಸು. ಇಬ್ಬರ ನಡುವೆ 38 ಮೀಟರ್. ಎಲ್ಲರೂ ತಪ್ಪುವುದು ಇಲ್ಲಿ: ಎದುರಿನವರ ಮುಖ ನೋಡಿಕೊಂಡು, ನಡುವಿನ ಬಯಲಿಗೆ ಬಾಯಿಮಾಡಿ ಮಾತಾಡುತ್ತಾರೆ. ಹಾಗಲ್ಲ. ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ ನಿಂತು, ಗೋಡೆಯ ಗುಂಟ ಸದ್ದು ಹರಿಯುವಂತೆ ಪಕ್ಕಕ್ಕೆ ಪಿಸುಗುಟ್ಟಬೇಕು. ಕೇಳುವವರೂ ಕಿವಿಯನ್ನು ಗೋಡೆಯ ಪಕ್ಕದಲ್ಲೇ ಇಡಬೇಕು. ಬಯಲಿನಲ್ಲಿ ಪಿಸುಮಾತು ಎಲ್ಲ ದಿಕ್ಕಿಗೂ ಚದುರಿ ಸಾಯುತ್ತದೆ. ಬಾಗಿದ ಗೋಡೆಯ ಗುಂಟ ಅದು ಮತ್ತೆ ಮತ್ತೆ ಗೋಡೆಗೇ ಮರಳುತ್ತಾ ಅಂಟಿಕೊಂಡು ಸಾಗುವುದರಿಂದ ಚದುರುವುದು ಕಡಿಮೆ. ಅರ್ಧ ಸುತ್ತು ಅಂದರೆ 60 ಮೀಟರ್ ಹತ್ತಿರ, ನೇರ ದಾರಿಗಿಂತ ಉದ್ದ, ಆದರೂ ಈ ಉದ್ದದ ದಾರಿಯಲ್ಲಿ ಬಂದ ಮಾತೇ ಸ್ಪಷ್ಟ. ಲಂಡನ್ನಿನ ಸಂತ ಪಾಲರ ಕೆಥೆಡ್ರಲ್ಲಿನ ಗುಮ್ಮಟದಲ್ಲೂ ಹೀಗೆಯೇ ಆಗುತ್ತದೆ, ಅಲ್ಲಿನದನ್ನು ನೋಡಿ ಲಾರ್ಡ್ ರೇಲಿ ಎಂಬ ವಿಜ್ಞಾನಿ ಈ ಕಾರಣವನ್ನು ಬಿಡಿಸಿ ಹೇಳಿದ. ಮೊದಲೆಲ್ಲ ಕೈಗಡಿಯಾರದ ಟಿಕ್ ಟಿಕ್ ಕೇಳಿಸಿ ತೋರಿಸುತ್ತಿದ್ದರು. ಈಗಿನ ವಾಚುಗಳು ಅಷ್ಟು ಸದ್ದು ಮಾಡುವುದಿಲ್ಲ, ಒಂದು ಕಾಗದ ಹರಿದರೆ ಸಾಕು. ಬೆಂಕಿಕಡ್ಡಿ ಗೀರಿ ತೋರಿಸಲು ಯಾರಾದರೂ ಬಂದರೆ ಬೇಡ ಎನ್ನು.

ಆಮೇಲೆ ಚಪ್ಪಾಳೆ. ಒಬ್ಬರು ಮಾತ್ರ, ಒಂದೇ ಸಲ, ಟಪ್ ಎಂದು ಗಡುಸಾಗಿ. ‘ಹೋ...’ ಎಂದು ಎಳೆದು ಕೂಗಿದರೆ ಕೂಗು ಮುಗಿಯುವ ಮೊದಲೇ ಅದರ ಪ್ರತಿಧ್ವನಿ ಬಂದು ಬೆರೆತು ಎಣಿಕೆಗೆ ಸಿಗುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ಭಾಗಿಸಿದರೆ 0.22 ಸೆಕೆಂಡು. ಎರಡು ಸದ್ದುಗಳನ್ನು ಬೇರೆ ಬೇರೆ ಎಂದು ಕಿವಿ ಹಿಡಿಯಲು ಅವುಗಳ ನಡುವೆ 0.1 ಸೆಕೆಂಡಾದರೂ ಇರಬೇಕು, ಇಲ್ಲಿ ಅದರ ಎರಡರಷ್ಟಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿಧ್ವನಿ ಕೇಳದಿರುವುದು ಗೋಡೆಗಳು ತೀರ ಹತ್ತಿರ ಇರುವುದರಿಂದ. ಮೊಬೈಲಿನ ಧ್ವನಿಮುದ್ರಣದ ಆ್ಯಪಿನಲ್ಲಿ ಈ ಚಪ್ಪಾಳೆಯನ್ನು ಹಿಡಿದಿಟ್ಟುಕೋ. ಅಲೆಯ ಚಿತ್ರದಲ್ಲಿ ಒಂದಾದ ಮೇಲೊಂದು ಕುಗ್ಗುತ್ತಾ ಹೋಗುವ ಏಣುಗಳು ಕಾಣುತ್ತವೆ, ಅವುಗಳ ನಡುವಿನ ಅಂತರವನ್ನು ಶಾಲೆಗೆ ಹೋದ ಮೇಲೆ ಅಳೆಯಲಿ. ಲೆಕ್ಕ ಹಾಕಿದ್ದಕ್ಕೂ ಅಳೆದದ್ದಕ್ಕೂ ಎಷ್ಟು ಹತ್ತಿರ ಬಂತು ನೋಡಲಿ. ಒಂದು ಚಪ್ಪಾಳೆಗೂ ಇನ್ನೊಂದಕ್ಕೂ ನಡುವೆ ಮನಸ್ಸಿನಲ್ಲೇ ಹತ್ತು ಎಣಿಸಿ, ಹಿಂದಿನದು ಪೂರ್ತಿ ಅಡಗಿರಬೇಕು.

ಎಷ್ಟು ಸಲ ಕೇಳುತ್ತದೆ ಎಂಬುದಕ್ಕೆ ಮಕ್ಕಳು ತಾವು ಎಣಿಸಿದ್ದನ್ನೇ ಬರೆಯಲಿ. ಒಬ್ಬರು ಏಳು ಎನ್ನುತ್ತಾರೆ, ಒಬ್ಬರು ಹತ್ತು. ನಿಶ್ಶಬ್ದ ಎಷ್ಟಿದೆ, ಕಿವಿ ಎಷ್ಟು ಚುರುಕು ಎಂಬುದರ ಮೇಲೆ ಅದು ಹೋಗುತ್ತದೆ. ಮಂದಿ ತುಂಬಿದಾಗ ಎಣಿಕೆ ಇಳಿಯಲು ಗದ್ದಲ ಒಂದೇ ಕಾರಣವಲ್ಲ. ಗಟ್ಟಿ ಗಾರೆಯ ಗೋಡೆ ಸದ್ದನ್ನು ಹಿಂದಿರುಗಿಸುತ್ತದೆ, ಮನುಷ್ಯರ ಬಟ್ಟೆ, ಮೈ ಅದನ್ನು ನುಂಗುತ್ತವೆ. ಗ್ಯಾಲರಿಯ ಸುತ್ತ ಸ್ವೆಟರ್ ಹಾಕಿದ ಮಕ್ಕಳು ಸಾಲಾಗಿ ಕೂತರೆ ಸದ್ದಿಗೆ ಹಾಸಿಗೆ ಹಾಸಿದಂತೆಯೇ. ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಎಲ್ಲರಿಗೂ ಕೂಗಲು ಬಿಡು. ಅಷ್ಟು ದೂರ ಬಂದ ಮಕ್ಕಳಿಗೆ ಅದೂ ಬೇಡವೆಂದರೆ ಅನ್ಯಾಯ.

ಗೋಡೆಯ ಮೇಲೆ ಹೆಸರು ಕೆತ್ತಿದ್ದು, ಗೀಚಿದ್ದು ಕಾಣುತ್ತದೆ. ಗಾರೆಯ ಮೇಲ್ಪದರ ಒಡೆದ ಕಡೆ ನೀರು ಇಳಿಯುತ್ತದೆ, ಒಳಗಿನ ಸುಣ್ಣ ಸಡಿಲಾಗುತ್ತದೆ, ಮುಂದೆ ಅಂಗೈಯಗಲ ಉದುರುತ್ತದೆ. ಯಾರ ಕೈಯಲ್ಲೂ ಪೆನ್ನು, ಕೈವಾರ ಮೇಲೆ ಬರದಂತೆ ನೋಡಿಕೋ. ಕೈವಾರ ಶಾಲೆಯಲ್ಲೇ ಇರಲಿ.

ಇಳಿದು ಬರುವ ಹೊತ್ತಿಗೆ ಎಂಟು, ಎಂಟೂವರೆ ಆಗಿರುತ್ತದೆ. ನಾಷ್ಟಾ ಆಗಲಿ. ಮುಂದಿರುವ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ, 1892ರಲ್ಲಿ ಶುರುವಾದದ್ದು, ಅದು ತಡವಾಗಿ ತೆರೆಯುತ್ತದೆ. ಶಾಸನಗಳು, ಶಿಲ್ಪಗಳು, ಹಸ್ತಪ್ರತಿಗಳು, ಪಿಂಗಾಣಿ ಇವೆ. ಮುಕ್ಕಾಲು ಗಂಟೆ ಸಾಕು, ಏಳನೇ ತರಗತಿಯವರಿಗೆ ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ಅಲ್ಲಿಂದ ಬಾರಾ ಕಮಾನಿಗೆ ಹೋಗಿ, ಇದನ್ನು ಹೆಚ್ಚಿನವರು ಪಟ್ಟಿಯಿಂದ ತೆಗೆದುಬಿಡುತ್ತಾರೆ. ಮೊಹಮ್ಮದನ ಮಗ ಎರಡನೇ ಅಲಿ ಆದಿಲ್ ಶಾಹ ತನ್ನ ಗೋರಿಗೆಂದು ಶುರುಮಾಡಿದ, 1672ರಲ್ಲಿ ಸತ್ತ, ಕಟ್ಟಡ ಹಾಗೆಯೇ ನಿಂತಿತು. ಚಾವಣಿ ಇಲ್ಲ, ಬರಿಯ ಕರಿಕಲ್ಲಿನ ಕಮಾನುಗಳು. ಗೋಳಗುಮ್ಮಟದಲ್ಲಿ ಗಾರೆಯ ಹಿಂದೆ ಮುಚ್ಚಿಹೋಗಿರುವ ಕಮಾನಿನ ಕಲ್ಲುಗಳು ಒಂದಕ್ಕೊಂದು ಹೇಗೆ ಒತ್ತಿ ನಿಂತಿರುತ್ತವೆ ಎಂದು ಇಲ್ಲಿ ಬಯಲಾಗಿ ಕಾಣುತ್ತದೆ. ಆಮೇಲೆ ಮಲಿಕ್-ಎ-ಮೈದಾನ್ ತೋಪು, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಮಕ್ಕಳಿಗೆ ಅದು ತಾನಾಗಿಯೇ ಇಷ್ಟವಾಗುತ್ತದೆ, ನೀನು ಏನೂ ಹೇಳಬೇಕಾಗಿಲ್ಲ. ಕೊನೆಗೆ ಇಬ್ರಾಹಿಂ ರೋಜಾ. ಮೊಹಮ್ಮದನ ತಂದೆ ಎರಡನೇ ಇಬ್ರಾಹಿಮನ ಗೋರಿ ಅಲ್ಲಿದೆ. ಒಳಕೋಣೆಯ ಚಾವಣಿ ನೋಡಲು ಮರೆಯಬೇಡಿ, ಚಪ್ಪಟೆ ಕಲ್ಲುಚಪ್ಪಡಿಗಳು ಕಣ್ಣಿಗೆ ಕಾಣುವ ಯಾವ ಆಸರೆಯೂ ಇಲ್ಲದೆ ಅಂಚಿಗೆ ಅಂಚು ಕೂಡಿ ನಿಂತಿವೆ. ಅಪ್ಪ ಸಣ್ಣ ಕೋಣೆಯಲ್ಲಿ ನಾಜೂಕು ಕೆತ್ತನೆ ಮಾಡಿಸಿದ, ಮಗ ಕೆತ್ತನೆ ಬಿಟ್ಟು ಗಾತ್ರಕ್ಕೆ ಕೈಹಾಕಿದ. ನನ್ನ ಮನಸ್ಸು ಕೇಳಿದರೆ ಚಂದಕ್ಕೆ ಇಬ್ರಾಹಿಂ ರೋಜಾ, ಎದೆಗಾರಿಕೆಗೆ ಗೋಳಗುಮ್ಮಟ. ಮಕ್ಕಳಲ್ಲಿ ಕೈ ಎತ್ತಿಸಿ ನೋಡು, ಎರಡು ಪಕ್ಷವಾಗುತ್ತವೆ.

ಊಟದ ಚಿಂತೆ ಬಿಡು. ನಲವತ್ತೈದು ಮಂದಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು ಖಾನಾವಳಿಯಲ್ಲಿ ಹೇಳಿಸಿಡುತ್ತೇನೆ. ರೊಟ್ಟಿ ಅಗಿಯಲು ಬೇಸರಪಡುವ ನಿಮ್ಮ ಬೆಂಗಳೂರಿನ ಮಕ್ಕಳಿಗೆ ಚಪಾತಿ ಎಷ್ಟು ಬೇಕು ಎಂದು ಮಾತ್ರ ಎರಡು ದಿನ ಮೊದಲೇ ತಿಳಿಸು. ಬಸ್ಸೋ ರೈಲೋ ಎಂಬುದನ್ನೂ ಬರೆ, ರೈಲಾದರೆ ನಿಲ್ದಾಣದಿಂದ ಇಲ್ಲಿಗೆ ಎರಡು ಟೆಂಪೊ ಹೇಳಬೇಕು.

ಇಂತಿ,
ನಿನ್ನ ಅವ್ವ